ಯಂತ್ರದ ಕಿರ್ದಿ

ಹೋಟೆಲಿನ ಗಲ್ಲೆಯ ಮೇಲೆ ಕೂತು ಕಿರ್ದಿ ಬರೆದವರು ನಮ್ಮಲ್ಲಿ ಬಹಳ ಮಂದಿ. ಗಿರಾಕಿ ನೀರು ಕುಡಿದುದನ್ನೂ ಅದರಲ್ಲಿ ಬರೆಯುತ್ತ ಹೋದರೆ ಜಮಾ-ಖರ್ಚು ಕಣ್ಣಿಗೆ ಬೀಳುವುದೆಂತು? ಕಂಪ್ಯೂಟರೂ ಇಂಥದೊಂದು ಕಿರ್ದಿ ಬರೆಯುತ್ತದೆ. ಅದಕ್ಕೆ 'ಲಾಗ್' ಎಂದು ಹೆಸರು.

ಅಂಧೇರಿಯ ಕಛೇರಿಯಲ್ಲಿ ಒಂದು ಸಂಜೆ ಬಿಲ್ಲಿನ ಪ್ರೋಗ್ರಾಮಿನ ದೋಷ ಹುಡುಕಲೆಂದು ಲಾಗನ್ನು 'ಡಿಬಗ್' ಮಟ್ಟಕ್ಕೆ ಏರಿಸಿದೆ. ಚಿಕ್ಕ-ಪುಟ್ಟದನ್ನೂ ಬಿಡದೆ ಬರೆಯುವ ಮಟ್ಟವದು. ಬೊರಿವಿಲಿಯ ಲೋಕಲ್ ಹಿಡಿಯುವ ಅವಸರದಲ್ಲಿ ಇಳಿಸಲು ಮರೆತೆ. ಬೆಳಗಾಗುವಷ್ಟರಲ್ಲಿ ಡಿಸ್ಕು ತುಂಬಿ ಬಿಲ್ಲು ನಿಂತಿತ್ತು. ಗಾಬರಿಯಲ್ಲಿ ಲಾಗನ್ನೇ ಅಳಿಸಿದೆ. ಬಿಲ್ಲೇನೋ ಹೊರಟಿತು, ಹುಡುಕುತ್ತಿದ್ದ ದೋಷದ ಸುಳಿವು ಮಾತ್ರ ಅದರೊಡನೆಯೇ ಹೋಯಿತು!

ಈ ಕೆಲಸದಲ್ಲಿರುವ ನಮ್ಮ ತರುಣರು ಗಮನಿಸಬೇಕು. ನಿತ್ಯದ ಕೆಲಸಕ್ಕೆ 'ಇನ್ಫೊ' ಮಟ್ಟ ಸಾಕು. ಎಚ್ಚರಿಕೆ, ದೋಷಗಳೂ ಅದರಲ್ಲಿ ಬರುತ್ತವೆ. ದಿನಕ್ಕೊಂದು ಹೊಸ ಫೈಲು ತೆರೆಯುವಂತೆ, ಹಳೆಯದು ಅಡಕವಾಗಿ ಬೇರೆಡೆ ಸೇರುವಂತೆ ಗೊತ್ತುಮಾಡಿರಿ. ಕಂಪನಿಗಳು 180 ದಿನಗಳ ಲಾಗನ್ನು ಭಾರತದೊಳಗೇ ಕಾದಿಡಬೇಕೆಂದು ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ. ಆಮೇಲೆ ತಾನಾಗಿ ಅಳಿಯಲಿ.

ಗಿರಾಕಿಯ ಪಾಸ್‌ವರ್ಡು ಮಾತ್ರ ಲಾಗಿಗೆ ಬೀಳಬಾರದು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಲಾಗಿನಲ್ಲಿ ಅವು ಬಿಚ್ಚಿಬಿದ್ದುದನ್ನು ಕಂಡು, ಪಾಸ್‌ವರ್ಡು ಬದಲಿಸಿಕೊಳ್ಳಿರೆಂದು 33 ಕೋಟಿಗೂ ಮಿಕ್ಕ ಬಳಕೆದಾರರನ್ನು ಕೇಳಿಕೊಳ್ಳಬೇಕಾಯಿತು.

ಸಂಜೆ ಏಳುವ ಮುನ್ನ ಮಟ್ಟ ಇಳಿಸಿದ್ದೀರಾ, ನೋಡಿಕೊಳ್ಳಿರಿ. ಒಂದು ಲೋಕಲ್ ತಪ್ಪಿದರೆ ಇನ್ನೊಂದು ಉಂಟು.