ಹಸಿರು ಚುಕ್ಕೆಯೂ ಅಡುಗೆಯವಳ ಜಾತಿಯೂ

ಪುಣೆಯಲ್ಲಿ ದುಡಿಯುವ ನಮ್ಮ ಕನ್ನಡ ಬಂಧುಗಳಲ್ಲಿ ಸಸ್ಯಾಹಾರಿಗಳೂ ಇದ್ದಾರೆ, ಮಾಂಸಾಹಾರಿಗಳೂ ಇದ್ದಾರೆ. ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಬಂದು ಪಿಂಪರಿ, ಚಿಂಚವಡ, ಭೋಸರಿಗಳಲ್ಲಿ ಕೋಣೆ ಹಿಡಿದವರು ಒಂದೇ ಒಲೆಯ ಮೇಲೆ ಬೇರೆ ಬೇರೆ ಗಡಿಗೆ ಇಟ್ಟು ಉಣ್ಣುವುದೂ ಉಂಟು. ಯಾರು ಏನು ತಿನ್ನಬೇಕೆಂಬುದು ಅವರವರಿಗೆ ಬಿಟ್ಟದ್ದು; ಆ ವಿಷಯದಲ್ಲಿ ನಾವು ತಕ್ಕಡಿ ಹಿಡಿದು ಕೂಡುವವರಲ್ಲ. ಆದರೆ ಮಾಂಸ ತಿನ್ನೆನೆಂದು ನಿಶ್ಚಯಿಸಿದವನಿಗೆ ಅವನ ಅರಿವಿಗೆ ಬಾರದಂತೆ ಅದನ್ನು ತಿನ್ನಿಸುವುದು ಬೇರೆಯೇ ಮಾತು. ಅದಕ್ಕೆ ವಂಚನೆ ಎಂದು ಹೆಸರು.

ಊರಲ್ಲಿ ಈ ತೊಡಕು ಇರಲಿಲ್ಲ. ಜೋಳ ನಮ್ಮ ಹೊಲದ್ದು, ಎಣ್ಣೆ ಕಂಡವರ ಗಾಣದ್ದು, ಮೊಸರು ಮನೆಯದು. ಇಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವನು ಕೈಗೆ ಸಿಕ್ಕ ಪೊಟ್ಟಣ ಒಡೆದು ತಿಂದು ಮಲಗುತ್ತಾನೆ. ಆ ಪೊಟ್ಟಣದ ಹಿಂಬದಿಗೆ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಕೆಲವು ಅಂಕೆಗಳಿರುತ್ತವೆ. 631 ಎಂದರೆ ಚಿಪ್ಸು, ನೂಡಲ್ಸುಗಳಿಗೆ ರುಚಿ ಏರಿಸುವ ಪುಡಿ; ಅದನ್ನು ಮಾಂಸದಿಂದಲೂ ಮೀನಿನಿಂದಲೂ ತೆಗೆಯುತ್ತಾರೆ, ಪಿಷ್ಟವನ್ನು ಹುಳಿಯಿಸಿಯೂ ಮಾಡುತ್ತಾರೆ. 120 ಎಂದರೆ ಒಂದು ಬಗೆಯ ಕೀಟವನ್ನು ಒಣಗಿಸಿ ಅರೆದು ತೆಗೆದ ಕೆಂಪು ಬಣ್ಣ. 471 ಎಂಬುದು ಬ್ರೆಡ್ಡು, ಐಸ್‌ಕ್ರೀಮುಗಳಲ್ಲಿ ಜಿಡ್ಡನ್ನೂ ನೀರನ್ನೂ ಬೆಸೆಯುವ ವಸ್ತು. ಮೂಲ ತಾಳೆಯೆಣ್ಣೆಯೂ ಇರಬಹುದು, ದನದ ಕೊಬ್ಬೂ ಇರಬಹುದು. ಚೀಜಿನ ಕಥೆಯೂ ಇಂಥದೇ. ಹಾಲು ಹೆಪ್ಪುಗಟ್ಟಿಸುವ ರೆನೆಟ್ಟನ್ನು ಹಿಂದೆ ಎಳೆಗರುವಿನ ಹೊಟ್ಟೆಯಿಂದಲೇ ತೆಗೆಯುತ್ತಿದ್ದರು. ಈಗ ಸೂಕ್ಷ್ಮಜೀವಿಗಳಿಂದ ಪಡೆದದ್ದೂ ಬಳಕೆಗೆ ಬಂದಿದೆ. ಮಿಠಾಯಿಯ ಮೇಲೆ ಮಿರಮಿರ ಮಿಂಚುವ ಬೆಳ್ಳಿಯ ವರಖನ್ನು ಪಶುವಿನ ಕರುಳಿನ ಪದರುಗಳ ನಡುವೆ ಇಟ್ಟು ಬಡಿದು ತೆಳುಮಾಡುವುದು ಹಳೆಯ ಪದ್ಧತಿ. (ಸಕ್ಕರೆಯ ಬಗ್ಗೆ ಕೇಳುವವರೂ ಇದ್ದಾರೆ. ಹೊರದೇಶಗಳಲ್ಲಿ ಕೆಲವೆಡೆ ಎಲುಬಿನ ಇದ್ದಿಲಿನಿಂದ ಅದನ್ನು ಬೆಳ್ಳಗೆ ಮಾಡುವುದುಂಟು. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಸುಣ್ಣ ಮತ್ತು ಗಂಧಕದ ಹೊಗೆಯೇ ಆ ಕೆಲಸ ಮಾಡುತ್ತವೆ.)

ಇದು ಇಂದಿನ ಗೋಳು ಮಾತ್ರವಲ್ಲ. 1983ರಲ್ಲಿ ಹೊರದೇಶದಿಂದ ತರಿಸಿದ ದನದ ಕೊಬ್ಬನ್ನು ವನಸ್ಪತಿಯಲ್ಲಿ ಬೆರೆಸಿದ ಹಗರಣ ದೇಶವನ್ನೇ ಅಲುಗಿಸಿತು. ಅಮೇರಿಕೆಯಲ್ಲಿ ಮ್ಯಾಕ್‌ಡೊನಾಲ್ಡ್ಸ್ ಕಂಪನಿಯ ಆಲೂಗಡ್ಡೆ ಕರಿದ ತಿಂಡಿಯಲ್ಲಿ ದನದ ಮಾಂಸದ ಸತ್ವವಿದೆಯೆಂದು 2001ರಲ್ಲಿ ದಾವೆ ಬಿತ್ತು. ಮರುವರ್ಷ ಕಂಪನಿ ಕ್ಷಮೆ ಕೇಳಿ, 1 ಕೋಟಿ ಡಾಲರು ಕೊಡಲು ಒಪ್ಪಿತು. ಆ ಸತ್ವ ಅಲ್ಲಿನ ಪಟ್ಟಿಯಲ್ಲಿ ‘ಸಹಜ ಸುವಾಸನೆ’ ಎಂಬ ಸಭ್ಯವಾದ ಹೆಸರು ಹೊತ್ತು ಕುಳಿತಿತ್ತು!

ನಮ್ಮ ದೇಶದಲ್ಲಿ ಚುಕ್ಕೆಯ ಕಾನೂನು ಬಂದದ್ದು ಅದೇ 2001ರಲ್ಲಿ. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ. ಬಣ್ಣ ಗುರುತಿಸಲಾರದವರಿಗೆ ಅನುಕೂಲವಾಗಲೆಂದು 2020ರ ನಿಯಮದಲ್ಲಿ ಕಂದು ಚುಕ್ಕೆಯನ್ನು ತ್ರಿಕೋನ ಮಾಡಿದರು. ಓದು ಬಾರದ ಕೂಲಿಕಾರನಿಗೆ ಇಡೀ ಪೊಟ್ಟಣದಲ್ಲಿ ತಿಳಿಯುವ ಅಕ್ಷರವೆಂದರೆ ಈ ಚುಕ್ಕೆಯೊಂದೇ. ಇಂಗ್ಲಿಷು ಬಲ್ಲವನು ಹಿಂಬದಿ ತಿರುಗಿಸಿ ನೋಡಿಯಾನು. ಇವನು ಚುಕ್ಕೆಯನ್ನೇ ನಂಬಬೇಕು.

ಆ ಚುಕ್ಕೆ ನಂಬಿಕೆಗೆ ಎಷ್ಟು ಅರ್ಹ? 2021ರ ಡಿಸೆಂಬರಿನಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಪ್ರಾಣಿಮೂಲದ ವಸ್ತು ಎಷ್ಟೇ ಅಲ್ಪವಾಗಿರಲಿ, ಅದು ಸೇರಿದ ತಿನಿಸನ್ನು ಮಾಂಸಾಹಾರವೆಂದೇ ಸಾರಬೇಕು. ಸಂಕೇತದ ಅಂಕೆ ಬರೆದು ಕೈತೊಳೆದುಕೊಂಡರೆ ಸಾಲದು, ಆ ವಸ್ತುವಿನ ಮೂಲವನ್ನೂ ಹೇಳಬೇಕು. ತಾನು ತಿನ್ನುವುದೇನೆಂದು ತಿಳಿಯುವುದು ಪ್ರತಿಯೊಬ್ಬನ ಹಕ್ಕು ಎಂದು ಅದು ಹೇಳಿತು. ಆ ತೀರ್ಪಿನಲ್ಲಿ ಉದಾಹರಣೆಗೆ ಬಂದ ವಸ್ತುಗಳಲ್ಲಿ ಮೇಲೆ ಹೇಳಿದ 631 ಕೂಡ ಒಂದು.

ಕಾನೂನಿನ ವ್ಯಾಖ್ಯೆಯಲ್ಲಿಯೂ ಒಂದು ಸ್ವಾರಸ್ಯವಿದೆ. ಪ್ರಾಣಿಯಿಂದ ಬಂದುದೆಲ್ಲ ಮಾಂಸಾಹಾರವೆಂದು ಹೇಳಿ, ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇವನ್ನು ಬಿಟ್ಟಿದ್ದಾರೆ. ಅರಗು ಎಂದರೆ ನಮ್ಮ ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವ ಅರಗೇ. ಕೀಟದ ಮೈಯಿಂದ ಒಸರುವ ವಸ್ತು. ಅದನ್ನು ಶುದ್ಧಮಾಡಿ ಮಿಠಾಯಿ, ಮಾತ್ರೆಗಳಿಗೂ ಬಳಿಯುತ್ತಾರೆ. ಕೆಂಪು ಬಣ್ಣದ ಕೀಟ ಗೆರೆಯ ಆಚೆ, ಅರಗಿನ ಕೀಟ ಗೆರೆಯ ಈಚೆ! ಇದನ್ನು ದೂಷಿಸಲು ಹೇಳುತ್ತಿಲ್ಲ. ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು, ಆ ಗೆರೆ ಮನುಷ್ಯರು ಕೂತು ಎಳೆದದ್ದು ಎಂಬುದನ್ನು ಮರೆಯಬಾರದೆಂದು ಹೇಳುತ್ತಿದ್ದೇವೆ.

ಹಾಗಾದರೆ ಅರಿಯದೆ ಇಂಥದನ್ನು ತಿಂದವನು ಸಸ್ಯಾಹಾರಿಯಾಗಿ ಉಳಿದನೋ ಇಲ್ಲವೋ? ಉಳಿದ ಎಂಬುದೇ ನಮ್ಮ ಅಭಿಪ್ರಾಯ. ಸಸ್ಯಾಹಾರವೆಂಬುದು ಮನುಷ್ಯನ ನಿಶ್ಚಯ. ಅವನ ಜಠರದ ರಾಸಾಯನಿಕ ಪರೀಕ್ಷೆ ಮಾಡಿ ಅದನ್ನು ನಿರ್ಣಯಿಸಲಾಗದು. ತಪ್ಪು ಮುಚ್ಚಿಟ್ಟು ಮಾರಿದವನದು, ಲೆಕ್ಕ ಕೇಳಬೇಕಾದದ್ದೂ ಅವನನ್ನೇ. ಆದರೆ ತಿಳಿದ ಮೇಲೂ ‘ಕಣ್ಣಿಗೆ ಕಾಣುವುದಿಲ್ಲವಲ್ಲ’ ಎಂದು ತಿನ್ನುತ್ತ, ನೆರೆಯವನ ಕೋಣೆಯಿಂದ ಮೀನಿನ ವಾಸನೆ ಬಂತೆಂದು ಮೂಗು ಮುರಿಯುವವನ ಪಕ್ಷ ನಾವು ವಹಿಸಲಾರೆವು.

ದುರ್ದೈವವೆಂದರೆ, ಈ ಪುಣೆಯಲ್ಲಿ ಅನ್ನದ ಶುದ್ಧಿಯ ವಿಚಾರಣೆ ಬಹಳ ಹಿಂದಿನಿಂದ ಬೇರೆ ಬಾಗಿಲನ್ನೇ ತಟ್ಟುತ್ತ ಬಂದಿದೆ. 1890ರ ಅಕ್ಟೋಬರಿನಲ್ಲಿ ಪಂಚಹೌದ ಮಿಶನ್ನಿನಲ್ಲಿ ಭಾಷಣ ಕೇಳಲು ಹೋದ ಊರಿನ ಪ್ರಮುಖರಿಗೆ ಚಹ ಬಿಸ್ಕೀಟು ಕೊಟ್ಟರು. ರಾನಡೆಯವರಿದ್ದರು, ತಿಲಕರಿದ್ದರು, ಕುಡಿದವರೂ ಇದ್ದರು, ಬರಿದೆ ಮುಟ್ಟಿ ಇಟ್ಟವರೂ ಇದ್ದರು. ಗೋಪಾಳರಾವ ಜೋಶಿಯವರು ಹೋದವರ ಹೆಸರುಗಳನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸಿಬಿಟ್ಟರು. ಬಹಿಷ್ಕಾರದ ಕೂಗೆದ್ದು, ವಿಷಯ ಶಂಕರಾಚಾರ್ಯ ಪೀಠದವರೆಗೆ ಹೋಯಿತು. ಕಡೆಗೆ ರಾನಡೆಯಂಥವರೂ 1892ರಲ್ಲಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಆ ಗದ್ದಲವೆಲ್ಲ ಎದ್ದದ್ದು ಬಿಸ್ಕೀಟಿನಲ್ಲಿ ಏನು ಕಲಸಿದ್ದರೆಂದಲ್ಲ, ಚಹವನ್ನು ಯಾರ ಮನೆಯಲ್ಲಿ ಯಾರ ಕೈಯಿಂದ ತೆಗೆದುಕೊಂಡರೆಂದು.

ಅದು ಹಳೆಯ ಕಾಲ ಎನ್ನುವಿರಾ? 2017ರಲ್ಲಿ ಇದೇ ಊರಿನಲ್ಲಿ ವಿಜ್ಞಾನ ಕಲಿತ ದೊಡ್ಡ ನೌಕರಿಯ ಒಬ್ಬ ಮಹಿಳೆ, ಪೂಜೆಯ ಅಡುಗೆಗೆ ಬಂದ ಹೆಂಗಸು ಜಾತಿಯನ್ನು ಮರೆಮಾಚಿದಳೆಂದು ಪೋಲೀಸು ಠಾಣೆಗೆ ದೂರು ಕೊಟ್ಟರು. ಊರೆಲ್ಲ ಪ್ರತಿಭಟಿಸಿದ ಮೇಲೆ ಹಿಂದಕ್ಕೆ ಪಡೆದರು. ಆ ಅಡುಗೆಯಲ್ಲಿ ಮಾಂಸವಿತ್ತೆಂಬ ದೂರಲ್ಲ ಅದು. ಸೊಪ್ಪು, ಬೇಳೆ, ತುಪ್ಪ ಎಲ್ಲವೂ ಸರಿಯಾಗಿದ್ದು, ಬೇಯಿಸಿದ ಕೈಯೊಂದು ಸರಿಯಿರಲಿಲ್ಲವಂತೆ. ಕಾರ್ಮಿಕರ ಪತ್ರಿಕೆಯಾಗಿ ನಾವು ಕೇಳುವುದು ಇಷ್ಟು: ಕಾರ್ಖಾನೆಯ ಮಾಲಿಕ ಕೊಬ್ಬಿನ ಮೂಲ ಹೇಳದಿದ್ದರೆ ಸುಮ್ಮನಿರುವ ಮಡಿ, ಅಡುಗೆಯ ಕೂಲಿಗೆ ಬಂದ ಬಡವಿ ತನ್ನ ಜಾತಿ ಹೇಳದಿದ್ದರೆ ಠಾಣೆಗೆ ಓಡುವುದೇಕೆ? ಮನೆಮನೆಗೆ ಹೋಗಿ ರೊಟ್ಟಿ ಬಡಿದು ಹೊಟ್ಟೆ ಹೊರೆಯುವ ನಮ್ಮ ಅಕ್ಕ ತಂಗಿಯರು ಈ ಊರಲ್ಲಿ ಎಷ್ಟು ಜನ ಇಲ್ಲ! ‘ನಿಮ್ಮವರು ಯಾರು’ ಎಂಬ ಪ್ರಶ್ನೆ ಅವರ ಕೂಲಿಗೆ ಕೊಡಲಿಯಿದ್ದಂತೆ.

ಪೂರ್ಣ ಶುದ್ಧನೆಂದು ಎದೆ ತಟ್ಟಿಕೊಳ್ಳುವವನು ಒಂದು ಗಳಿಗೆ ಗಾಂಧೀಜಿಯವರನ್ನು ನೆನೆಯಲಿ. ಹಾಲು ಕರೆಯುವಲ್ಲಿನ ಕ್ರೌರ್ಯಕ್ಕೆ ನೊಂದು 1912ರಲ್ಲಿ ಅವರು ಹಾಲನ್ನೇ ಬಿಟ್ಟರು. ಕೆಲವು ವರ್ಷಗಳ ಮೇಲೆ ಕಾಯಿಲೆ ಸಾವಿನಂಚಿಗೆ ಒಯ್ದಾಗ, ವ್ರತ ತೊಟ್ಟದ್ದು ಆಕಳು ಎಮ್ಮೆಗಳನ್ನು ನೆನೆದು ಎಂಬ ನೆಪದಿಂದ ಆಡಿನ ಹಾಲು ಕುಡಿದರು. ನಮ್ಮ ಯೆರವಡಾ ಸೆರೆಮನೆಯಲ್ಲಿದ್ದಾಗಲೂ ಅದನ್ನೇ ಕುಡಿದರು. ವ್ರತದ ಮಾತು ಉಳಿಯಿತು, ಜೀವಾಳ ಹೋಯಿತೆಂಬ ಅಳುಕನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದರು. ಅಂಥವರೇ ಹಾಗೆ ಹೇಳಿಕೊಂಡ ಮೇಲೆ ನಾವು ನೀವು ಎಲ್ಲಿಯವರು?

ಔಷಧದ ಮಾತಂತೂ ಕೇಳಲೇಬೇಡಿ. ಆಹಾರದ ಚುಕ್ಕೆಯ ನಿಯಮ ಅದಕ್ಕೆ ಅನ್ವಯಿಸದು. ಎಷ್ಟೋ ಕ್ಯಾಪ್ಸೂಲುಗಳ ಮೇಲಿನ ಚಿಪ್ಪು ಜಿಲೆಟಿನ್ನಿನದು. ಜಿಲೆಟಿನ್ ಪಶುಗಳ ಚರ್ಮ, ಎಲುಬುಗಳಿಂದ ಬರುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 1966ರಲ್ಲಿ ಆರಂಭವಾದಾಗ ಮೊದಲು ತಯಾರಿಸಿದ್ದು ಕುದುರೆಯ ರಕ್ತದಿಂದ ತೆಗೆದ ಧನುರ್ವಾಯುವಿನ ಔಷಧವನ್ನು. ಹಾವಿನ ವಿಷಕ್ಕೆ ಕೊಡುವ ಸೂಜಿಮದ್ದು ಇಂದಿಗೂ ಕುದುರೆಯ ರಕ್ತದಿಂದಲೇ ಆಗುತ್ತದೆ. ಕಬ್ಬು ಕಡಿಯುವ ಗದ್ದೆಯಲ್ಲಿ ಹಾವು ಮುಟ್ಟಿದವನು ಸಸ್ಯಾಹಾರಿಯಾಗಿದ್ದರೆ ಆ ಮದ್ದು ಬೇಡವೆನ್ನಬೇಕೆ? ಬೇಡವೆನ್ನಬಾರದು. ಪ್ರಾಣ ಉಳಿಸಿಕೊಂಡು ನಾಳೆ ತನ್ನ ರೊಟ್ಟಿ ಪಲ್ಲೆ ಉಣ್ಣಲಿ. ಅವನ ನಿಯಮಕ್ಕೆ ಕುಂದಿಲ್ಲ.

ಇನ್ನು ನಾವು ಕೇಳಬೇಕಾದದ್ದೇನು? ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಾಗಲಿ ದೇವನಾಗರಿಯ ಹಿಂದಿಯಲ್ಲಾಗಲಿ ಇದ್ದರೆ ನಿಯಮಕ್ಕೆ ಸಾಕು; ಬೇರೆ ಭಾಷೆ ತಯಾರಕನ ಇಚ್ಛೆ. ಅಂದರೆ ಕರ್ನಾಟಕದಲ್ಲಿಯೇ ಕನ್ನಡಿಗನಿಗೂ, ಪುಣೆಯಲ್ಲಿಯೇ ಮರಾಠಿಗನಿಗೂ ತನ್ನ ತಿನಿಸಿನ ವಿವರ ತನ್ನ ಭಾಷೆಯಲ್ಲಿ ಸಿಗುವ ಖಾತರಿಯಿಲ್ಲ. ಮಾರುವ ರಾಜ್ಯದ ಭಾಷೆಯಲ್ಲಿ ಪಟ್ಟಿ ಇರಬೇಕು, ಅಂಕೆಯ ಪಕ್ಕದಲ್ಲಿ ‘ಸಸ್ಯಮೂಲ’ ಅಥವಾ ‘ಪ್ರಾಣಿಮೂಲ’ ಎಂಬ ಒಂದು ಮಾತು ಇರಬೇಕು ಎಂಬ ಬೇಡಿಕೆಯಲ್ಲಿ ಮರಾಠಿ ಕಾರ್ಮಿಕರ ಸಂಘಗಳೂ ನಮ್ಮ ಜೊತೆ ನಿಲ್ಲಬಹುದು. ಅವರ ಹೊಟ್ಟೆಯ ಪ್ರಶ್ನೆಯೂ ಇದೇ. ಮಾಂಸಾಹಾರಿ ಬಂಧುಗಳೂ ಕೂಡಿಕೊಳ್ಳಲಿ. ಯಾವ ಪ್ರಾಣಿಯ ಕೊಬ್ಬು ಎಂಬುದು ಅವರಲ್ಲಿಯೂ ಅನೇಕರಿಗೆ ಬೇಕಾದ ಸಂಗತಿ.

ಸರಕಾರ ಕಿವಿಗೊಡುವವರೆಗೆ ಕಾಯಬೇಕಾಗಿಲ್ಲ. ಮೇಲಿನ ನಾಲ್ಕಾರು ಅಂಕೆಗಳನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಪ್ರತಿ ಖಾನಾವಳಿಯ ಗೋಡೆಗೆ ಅಂಟಿಸಬಹುದು. ಖಾನಾವಳಿ ನಡೆಸುವವರು ಯಾವ ಎಣ್ಣೆ, ಯಾವ ಮಸಾಲೆಯ ಪೊಟ್ಟಣ ಬಳಸುತ್ತಾರೆಂದು ಕೇಳಿದವರಿಗೆ ಡಬ್ಬಿಯನ್ನೇ ತೋರಿಸಲಿ. ಅಡುಗೆಯವರ ಕುಲ ಕೇಳುವವರಿದ್ದರೆ, ಅವರ ಆ ತಿಂಗಳ ಹಣವನ್ನು ಮರಳಿಸಿ ಬೇರೆ ಖಾನಾವಳಿಯ ದಾರಿ ತೋರಿಸಲಿ.