ಹೆರಿಗೆ ಕೊಠಡಿಯಲ್ಲಿ ಉಸಿರಾಡುವ ಹಕ್ಕು

ಬೇನೆ ತಿನ್ನುವ ಹೆಂಗಸಿಗೆ "ಸಮಾಧಾನವಾಗಿರು" ಎಂದು ಹೇಳುವವರು ಬಹಳ ಜನ. ಸಮಾಧಾನವಾಗಿರುವುದು ಹೇಗೆ ಎಂದು ಕಲಿಸುವವರು ಕಡಿಮೆ. ಆಕೆ ಸಮಾಧಾನವಾಗಿರಲು ಬೇಕಾದ ಪರಿಸ್ಥಿತಿಯನ್ನು ಒದಗಿಸಿ ಕೊಡುವವರಂತೂ ಇನ್ನೂ ಕಡಿಮೆ. ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಬರೆಯುವ ಈ ಪುಟಗಳಲ್ಲಿ ಹೆರಿಗೆಯ ಮಾತೇಕೆ ಎಂದು ಕೆಲವು ಸೋದರಿಯರಿಗೆ ಅನ್ನಿಸಬಹುದು. ಹೆರಿಗೆಯ ಮಂಚದ ಮೇಲೂ ಹೆಣ್ಣಿನ ಮೈಮೇಲೆ ಕೈ ಬೀಳುತ್ತದೆ, ಅಲ್ಲಿಯೂ ಆಕೆಯ ಬಾಯಿ ಮುಚ್ಚಿಸಲಾಗುತ್ತದೆ ಎಂಬುದೇ ಅದಕ್ಕೆ ಉತ್ತರ.

ಹೋದ ವರ್ಷ ನಮ್ಮ ಊರಿನ ಒಂದು ಸ್ವಸಹಾಯ ಸಂಘದ ವಾರದ ಸಭೆಯಲ್ಲಿ, ಉಳಿತಾಯದ ಲೆಕ್ಕ ಬರೆದು ಮುಗಿಸಿದ ಮೇಲೆ, ಚೊಚ್ಚಲ ಹೆರಿಗೆಯ ಬಗ್ಗೆ ಮಾತು ಬಂತು. ಹದಿನಾರು ಜನ ಇದ್ದರು. ಅವರಲ್ಲಿ ಹೆಚ್ಚಿನವರಿಗೆ ಮಗುವಿನ ಮೊದಲ ಅಳುವಿಗಿಂತ ಮೊದಲು ನೆನಪಾದದ್ದು ಬೈಗುಳ. "ಗಂಡನ ಜೊತೆ ಮಲಗುವಾಗ ಗೊತ್ತಿರಲಿಲ್ವಾ, ಈಗ್ಯಾಕೆ ಕೂಗ್ತೀಯ" ಎನ್ನುವ ಮಾತನ್ನು ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಹೆತ್ತವರು ಒಂದೇ ಪಾಠ ಒಪ್ಪಿಸಿದಂತೆ ಒಪ್ಪಿಸಿದರು. ಒಬ್ಬಾಕೆಯ ತೊಡೆಯ ಮೇಲೆ ಆಯಾ ಹೊಡೆದ ಬೆರಳಿನ ಗುರುತು ಎರಡು ದಿನ ಇತ್ತಂತೆ. "ನಮ್ಮ ಒಳ್ಳೇದಕ್ಕೇ ಹೊಡೀತಾರೆ ಬಿಡಿ ಮೇಡಂ" ಎಂದೂ ಆಕೆಯೇ ಹೇಳಿದಳು. ಈ ಮಾತನ್ನು ನಾವು ಎಲ್ಲಿ ಕೇಳಿದ್ದೇವೆ? ಗಂಡನ ಕೈಯಲ್ಲಿ ಪೆಟ್ಟು ತಿಂದವಳ ಬಾಯಲ್ಲಿ ಕೇಳಿದ್ದೇವಲ್ಲವೇ? ಹೆರಿಗೆಯ ವೇಳೆ ನಡೆಯುವ ಅವಮಾನ, ಹೊಡೆತ, ನಿರ್ಲಕ್ಷ್ಯ ಇವೆಲ್ಲ ಹಕ್ಕಿನ ಉಲ್ಲಂಘನೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿಕೆಯನ್ನೇ ಹೊರಡಿಸಿದೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸು ಹಲವು ಮಂಚಗಳನ್ನು ನೋಡಬೇಕಾದ ಕಷ್ಟವೂ ನನಗೆ ಗೊತ್ತು. ಆದರೆ ಆ ಕಷ್ಟದ ಸೇಡನ್ನು ತನಗಿಂತ ಕೆಳಗೆ ಬಿದ್ದವಳ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ.

ಈಗ ಉಸಿರಿನ ವಿಷಯಕ್ಕೆ ಬರೋಣ. ಹೆದರಿಕೆಯಾದಾಗ ನಾವು ಏನು ಮಾಡುತ್ತೇವೆ? ಉಸಿರು ಬಿಗಿ ಹಿಡಿಯುತ್ತೇವೆ, ಹಲ್ಲು ಕಚ್ಚುತ್ತೇವೆ, ಮುಷ್ಟಿ ಬಿಗಿಯುತ್ತೇವೆ, ಹೆಗಲು ಕಿವಿಯ ತನಕ ಏರುತ್ತದೆ. ಬೇನೆಯಲ್ಲಿರುವವಳ ಮೈ ಹೀಗೆ ಸೆಟೆದುಕೊಂಡರೆ ನೋವು ಇನ್ನಷ್ಟು ಹೆಚ್ಚಾಗಿ ಕಾಣುತ್ತದೆ, ಅದರಿಂದ ಹೆದರಿಕೆ ಹೆಚ್ಚುತ್ತದೆ, ಹೆದರಿಕೆಯಿಂದ ಮೈ ಮತ್ತೆ ಸೆಟೆಯುತ್ತದೆ. ಈ ಸುತ್ತನ್ನು ಗುರುತಿಸಿ ಬರೆದವನು ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲೆಂಡಿನ ವೈದ್ಯ. ಆತನ ಮೊದಲ ಪುಸ್ತಕ 1933ರಲ್ಲಿ ಬಂತು. ಆದರೆ ಇದೇ ಮನುಷ್ಯ, ನಾಗರಿಕತೆ ಮುಟ್ಟದ ಹೆಂಗಸರು ನೋವಿಲ್ಲದೆ ಹೆರುತ್ತಾರೆ ಎಂದೂ ನಂಬಿದ್ದ. ನಮ್ಮಲ್ಲಿಯೂ ಈ ಮಾತು ಇದೆ. "ನಮ್ಮಜ್ಜಿ ಗದ್ದೆಯ ಬದುವಿನ ಮೇಲೇ ಹೆತ್ತು ಮಗೂನ ಸೆರಗಲ್ಲಿ ಕಟ್ಕೊಂಡು ಬಂದಿದ್ಲು" ಎಂದು ಹೆಮ್ಮೆಯಿಂದ ಹೇಳುವವರು, ಹಾಗೆ ಹೆರಲು ಹೋಗಿ ಸತ್ತ ಅಜ್ಜಿಯರ ಲೆಕ್ಕ ಹೇಳುವುದಿಲ್ಲ. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಅದರ ಹಿಂದೆ ಆಸ್ಪತ್ರೆ, ರಕ್ತ, ಔಷಧಿ, ವಾಹನಗಳಿವೆ. ಉಸಿರಾಟದಿಂದ ಇಳಿದದ್ದಲ್ಲ ಅದು.

ಆದ್ದರಿಂದ ಉಸಿರಿನ ಅಭ್ಯಾಸವನ್ನು ಮಂತ್ರ ಎಂದು ತಿಳಿಯದೆ ಒಂದು ಕೈಕೆಲಸದಂತೆ ಕಲಿಯಬೇಕು. ಬೇನೆ ಒಂದೇ ಸಮನೆ ಇರುವುದಿಲ್ಲ. ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಒಂದೊಂದು ಅಲೆ ಸುಮಾರಾಗಿ ಒಂದು ನಿಮಿಷ. ನಡುವೆ ಬಿಡುವು ಇದೆ. ಅಲೆ ಏರುವುದು ತಿಳಿದ ಕೂಡಲೇ ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಂಡು, ಬಿಸಿ ಕಾಫಿಯನ್ನು ಆರಿಸುವಂತೆ ಬಾಯಿಂದ ಮೆಲ್ಲಗೆ ಹೊರಗೆ ಬಿಡಬೇಕು. ಎಳೆದುಕೊಂಡದ್ದಕ್ಕಿಂತ ಬಿಡುವುದು ಉದ್ದವಾಗಿರಲಿ. ಬಿಡುವಾಗ ದವಡೆ ಸಡಿಲವಾಗಲಿ, ಹೆಗಲು ಇಳಿಯಲಿ, ಅಂಗೈ ತೆರೆಯಲಿ. ಅಲೆ ಇಳಿದ ಮೇಲೆ ಮುಂದಿನದನ್ನು ಎಣಿಸುತ್ತಾ ಕೂರದೆ ಆ ಬಿಡುವನ್ನು ಪೂರ್ತಿ ವಿಶ್ರಾಂತಿಗೆ ಬಳಸಬೇಕು. ನಮ್ಮ ಹಿರಿಯರು ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದದ್ದು ನೆನಪಿದೆಯೇ? ಕಲ್ಲು ತಿರುಗುವ ಲಯಕ್ಕೆ ಉಸಿರು ಹೊಂದಿಕೊಂಡರೆ ರಾಗಿ ಬೀಸಿದ ಆಯಾಸ ಕಡಿಮೆ. ನರಳುವುದು, ಗುನುಗುವುದು, ಹಾಡುವುದು, ದೇವರ ಹೆಸರು ಹೇಳುವುದು ಎಲ್ಲವೂ ಉಸಿರು ಬಿಡುವ ದಾರಿಯೇ. ಗಡಿಬಿಡಿಯಲ್ಲಿ ಜೋರು ಜೋರಾಗಿ ಉಸಿರಾಡಿದರೆ ತಲೆ ಸುತ್ತುತ್ತದೆ, ಬೆರಳು ತುದಿ ಜುಮ್ಮೆನ್ನುತ್ತದೆ. ಆಗ ಪಕ್ಕದವರು "ನಿಧಾನ, ನನ್ನ ಜೊತೆ ಬಿಡು" ಎಂದು ತಾವೂ ಉಸಿರು ಬಿಟ್ಟು ತೋರಿಸಬೇಕು. ಕೊನೆಗೆ ಮಗುವಿನ ತಲೆ ಹೊರಬರುವಾಗ ಮುಕ್ಕಬೇಡ ಎಂದು ಹೇಳಿದರೆ, ನಾಯಿ ಏದುಸಿರು ಬಿಡುವಂತೆ ಬಾಯಿ ತೆರೆದು ಚಿಕ್ಕ ಚಿಕ್ಕ ಉಸಿರು.

ಮಂಚದ ಮೇಲೆ ಅಂಗಾತ ಮಲಗಿ ಇದನ್ನೆಲ್ಲ ಮಾಡುವುದು ಕಷ್ಟ. ತೊಂದರೆಯಿಲ್ಲದ ಹೆರಿಗೆಯಲ್ಲಿ ಓಡಾಡಬಹುದು, ಕೂರಬಹುದು, ಮಗ್ಗುಲಾಗಿ ಮಲಗಬಹುದು, ನೀರು ಕುಡಿಯಬಹುದು. ಸೊಂಟದ ಕೆಳಗೆ ಅಂಗೈಯಿಂದ ಒತ್ತಿ ಹಿಡಿದರೆ ಎಷ್ಟೋ ಹೆಂಗಸರಿಗೆ ಹಾಯೆನ್ನಿಸುತ್ತದೆ. ಇವನ್ನು ನಮ್ಮ ಸೂಲಗಿತ್ತಿಯರು ಬಲ್ಲರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಕೊಟ್ಟೆವು, ಆದರೆ ಸೂಲಗಿತ್ತಿ ಬೇನೆಯುದ್ದಕ್ಕೂ ಬಿಟ್ಟು ಕದಲದೆ ಪಕ್ಕದಲ್ಲೇ ಕೂರುತ್ತಿದ್ದಳಲ್ಲ, ಆ ರೂಢಿಯನ್ನು ಆಸ್ಪತ್ರೆಗೆ ತಂದೆವೇ?

ಇತಿಹಾಸ ಪಾಠ ಹೇಳಿದವಳಾದ್ದರಿಂದ ಒಂದು ಹಳೆಯ ಕಥೆ ಹೇಳದಿರಲಾರೆ. 1951ರಲ್ಲಿ ಫರ್ನಾಂ ಲಮಾಜ್ ಎಂಬ ಫ್ರೆಂಚ್ ವೈದ್ಯ ಸೋವಿಯತ್ ರಷ್ಯಾಕ್ಕೆ ಹೋಗಿ, ಮೊದಲೇ ತರಬೇತಿ ಪಡೆದ ಹೆಂಗಸು ಮದ್ದಿಲ್ಲದೆ ಶಾಂತವಾಗಿ ಹೆರುವುದನ್ನು ಕಂಡು ಬೆರಗಾದ. ಹಿಂತಿರುಗಿ ಬಂದು ಪ್ಯಾರಿಸ್‌ನಲ್ಲಿ ಅದನ್ನು ಕಲಿಸತೊಡಗಿದ. ಎಲ್ಲಿ? ಶ್ರೀಮಂತರ ನರ್ಸಿಂಗ್ ಹೋಮಿನಲ್ಲಲ್ಲ, ಲೋಹ ಕಾರ್ಮಿಕರ ಸಂಘಟನೆ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ. ದುಡಿಯುವವರ ಮನೆಯ ಹೆಂಗಸರು ಅಲ್ಲಿ ಮೊದಲೇ ತರಗತಿಗೆ ಬಂದು ತಮ್ಮ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದು, ಉಸಿರಾಟ ಅಭ್ಯಾಸ ಮಾಡಿ ಹೆರಿಗೆಗೆ ಹೋಗುತ್ತಿದ್ದರು. ಇಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಾವಿರಾರು ರೂಪಾಯಿ ಶುಲ್ಕ ತೆತ್ತು ಕಲಿಯುವ 'ಲಮಾಜ್ ತರಗತಿ'ಯ ಬೇರು ಒಂದು ಕಾರ್ಮಿಕ ಸಂಘದಲ್ಲಿದೆ ಎಂಬುದನ್ನು ನಮ್ಮ ಸಂಘದವರು ತಿಳಿದಿರಬೇಕು.

ಆದರೆ ಆ ಕಥೆಗೆ ಇನ್ನೊಂದು ಮಗ್ಗುಲಿದೆ. ಲಮಾಜ್ ತನ್ನ ಬಳಿ ಹೆತ್ತವರನ್ನು ದರ್ಜೆ ಕಟ್ಟಿ ವಿಂಗಡಿಸುತ್ತಿದ್ದ: ಉತ್ತಮ, ಸಾಧಾರಣ, ಕೊನೆಗೆ ಅನುತ್ತೀರ್ಣ. ಕೂಗಾಡಿದವಳು ಕೆಳಗಿನ ದರ್ಜೆ. ನಾನು ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವಳು, ಅಂಕ ಕೊಡುವುದು ನನಗೆ ಹೊಸದಲ್ಲ. ಆದರೆ ಹೆರುವವಳಿಗೆ ಅಂಕ ಕೊಡುವವರನ್ನು ಕಂಡರೆ ಮೈ ಉರಿಯುತ್ತದೆ. ನೋವಿನಲ್ಲಿ ಕೂಗುವುದು ಸೋಲಲ್ಲ. ಅಭ್ಯಾಸ ಮಾಡಿಯೂ ಕೂಗಬಹುದು, ನೋವು ತಡೆಯಲಾರದೆ ಮದ್ದು ಕೇಳಬಹುದು, ಸಿಸೇರಿಯನ್ ಆಗಬಹುದು. ಅದರಿಂದ ಆಕೆ ಕಡಿಮೆ ತಾಯಿಯಾಗುವುದಿಲ್ಲ. ಉಸಿರಿನ ಪಾಠ ಹೆಂಗಸರನ್ನು ಸದ್ದಿಲ್ಲದೆ ಮಲಗಿಸುವ ಇನ್ನೊಂದು ಉಪಾಯವಾಗುವುದಾದರೆ ಅಂಥ ಪಾಠ ನಮಗೆ ಬೇಡವೇ ಬೇಡ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರಲ್ಲ, ಅವರೆಷ್ಟು ಸಮಾಧಾನವಾಗಿದ್ದರೂ ಏನು ಪ್ರಯೋಜನವಿತ್ತು? ರಕ್ತ ಹೋಗುವುದು, ವಿಪರೀತ ತಲೆನೋವಿನೊಡನೆ ಕಣ್ಣು ಮಂಜಾಗುವುದು, ಫಿಟ್ಸ್ ಬರುವುದು, ನೆತ್ತಿನೀರು ಹಸಿರು ಬಣ್ಣಕ್ಕೆ ತಿರುಗುವುದು, ಮಗು ಅಲುಗಾಡದಿರುವುದು ಇವು ಕಂಡರೆ ಉಸಿರಾಟ ಎಣಿಸುತ್ತಾ ಕೂರಬಾರದು. 108ಕ್ಕೆ ಫೋನ್ ಮಾಡಬೇಕು, ಬೇಕಾದರೆ ಜೋರಾಗಿ ಕೂಗಿ ಆಸ್ಪತ್ರೆಯನ್ನೇ ಎಬ್ಬಿಸಬೇಕು.

ಬರೀ ಉಸಿರಿಗಿಂತ ಹೆಚ್ಚು ಗಟ್ಟಿಯಾದ ಆಧಾರ ಇರುವುದು ಪಕ್ಕದಲ್ಲಿ ಒಬ್ಬರು ಇರುವುದಕ್ಕೆ. 2017ರಲ್ಲಿ 26 ಅಧ್ಯಯನಗಳನ್ನು, ಹದಿನೈದು ಸಾವಿರಕ್ಕೂ ಮೇಲ್ಪಟ್ಟ ಹೆಂಗಸರ ಹೆರಿಗೆಗಳನ್ನು ಒಟ್ಟು ಹಾಕಿ ನೋಡಿದಾಗ, ಬೇನೆಯುದ್ದಕ್ಕೂ ಒಬ್ಬರು ಜೊತೆಗಿದ್ದ ಹೆಂಗಸರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ತುಸು ಕಡಿಮೆ ಎಂದು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲಿ ಜೊತೆಗಾತಿಯನ್ನೂ ಹೇಳಿದೆ, ಬಯಸಿದವರಿಗೆ ಉಸಿರಾಟ ಮತ್ತು ಮೈ ಸಡಿಲಿಸುವ ಕ್ರಮಗಳನ್ನೂ ಹೇಳಿದೆ. ನಮ್ಮ ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೊಠಡಿಗೆ ಜೊತೆಗಾತಿಯನ್ನು ಬಿಡಲು ಒಪ್ಪಿದೆ. ಆಕೆ ಹೆತ್ತ ಅನುಭವ ಇದ್ದವಳಾಗಿರಬೇಕು, ಅಂಟುರೋಗ ಇರಬಾರದು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಅಷ್ಟೆ. ಇದನ್ನು ಎಷ್ಟು ಜನ ಬಸುರಿಯರಿಗೆ ಯಾರು ಹೇಳಿದ್ದಾರೆ?

ಜೊತೆಗಾತಿ ಯಾರು ಎಂಬುದು ದೊಡ್ಡ ಪ್ರಶ್ನೆ. "ಅತ್ತೆ ಬರುತ್ತಾಳೆ ಬಿಡಿ" ಎಂದು ಗಂಡನ ಮನೆಯವರು ತೀರ್ಮಾನಿಸಿಬಿಡುತ್ತಾರೆ. ಬಸುರಿಯಲ್ಲಿ ಊಟ ಕೊಡದೆ ಕಾಡಿದ ಅತ್ತೆ, ತಲೆದೆಸೆಯಲ್ಲಿ ನಿಂತು "ಗಂಡೇ ಆಗಬೇಕು" ಎನ್ನುತ್ತಿದ್ದರೆ ಯಾವ ಉಸಿರಾಟ ಉಪಯೋಗಕ್ಕೆ ಬರುತ್ತದೆ? ಆ ಕೊಠಡಿಯಲ್ಲಿ ಎಷ್ಟೋ ಹೆಣ್ಣುಮಕ್ಕಳ ಎದೆಯಲ್ಲಿರುವ ಹೆದರಿಕೆ ನೋವಿನದಲ್ಲ, ಹೆಣ್ಣು ಹುಟ್ಟೀತೆಂಬುದರದು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ ಗಂಡಸರೂ ಹೆಂಡತಿಯನ್ನೇ ದೂರುತ್ತಾರೆ. ಜೊತೆಗಾತಿಯನ್ನು ಆರಿಸುವ ಅಧಿಕಾರ ಹೆರುವವಳದು. ಅಮ್ಮ, ಅಕ್ಕ, ಅತ್ತಿಗೆ, ಪಕ್ಕದ ಮನೆಯಾಕೆ, ಸಂಘದ ಗೆಳತಿ, ಯಾರನ್ನು ಕಂಡರೆ ಅವಳ ಹೆಗಲು ತಾನಾಗಿ ಇಳಿಯುತ್ತದೋ ಅವರು.

ಇದಕ್ಕೆ ಅಂಟಿಕೊಂಡೇ ಖರ್ಚಿನ ಮಾತೂ ಇದೆ. ಚೊಚ್ಚಲ ಹೆರಿಗೆ ತವರಿನದು ಎಂಬ ರೂಢಿಯಲ್ಲಿ ಪ್ರೀತಿಯೂ ಇದೆ, ಹೊರೆಯೂ ಇದೆ. ಸೀಮಂತದ ಸೀರೆ, ಆಸ್ಪತ್ರೆಯ ಬಿಲ್ಲು, ಬಾಣಂತನ, ತೊಟ್ಟಿಲು, ನಾಮಕರಣದ ದಿನ ಮಗುವಿಗೆ ಸರ, ಅಳಿಯನಿಗೆ ಉಂಗುರ. ಬಸುರಿ ಮಗಳು ಅಪ್ಪನ ಸಾಲದ ಲೆಕ್ಕ ಹಾಕುತ್ತಲೇ ದಿನ ತುಂಬುತ್ತಾಳೆ. ಕಾನೂನು ಇಲ್ಲಿ ಸ್ವಲ್ಪ ಜಾರುತ್ತದೆ. ಮಗು ಹುಟ್ಟಿದಾಗ ರೂಢಿಯಂತೆ ಕೊಡುವುದು ವರದಕ್ಷಿಣೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2001ರ ಒಂದು ತೀರ್ಪಿನಲ್ಲಿ ಹೇಳಿತು. ಆದರೆ ಹೆದರಬೇಕಾಗಿಲ್ಲ. ಒಡವೆ, ಹಣಕ್ಕಾಗಿ ಕಾನೂನುಬಾಹಿರವಾಗಿ ಒತ್ತಾಯಿಸಿ ಪೀಡಿಸುವುದು ಕ್ರೌರ್ಯವೇ. ಮೊದಲು 498ಎ ಆಗಿದ್ದುದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಬಸುರಿಯ ಮೇಲೆ ಕೈ ಮಾಡಿದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ರಕ್ಷಣಾಧಿಕಾರಿಗೆ, ಅಂದರೆ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ದೂರು ಕೊಡಬಹುದು. 181ಕ್ಕೆ ಫೋನ್ ಮಾಡಬಹುದು. ಸಂಘದಲ್ಲಿ ಉಸಿರಾಟ ಕಲಿಸುವ ಹೊತ್ತಿನಲ್ಲಿ ಬಸುರಿಯ ಪಕ್ಕ ಕೂತು ಮೆಲ್ಲಗೆ "ಮನೇಲಿ ಹೇಗೆ ನೋಡ್ಕೋತಾರೆ?" ಎಂದು ಕೇಳಿ. ಯಾರೂ ಇಲ್ಲದಾಗ ಕೇಳಿ. ಕಣ್ಣು ಮುಚ್ಚಿ ಮೈ ಸಡಿಲಿಸಿದಾಗ ಅಳು ಬರುವವರಿದ್ದಾರೆ, ಅಂಥವರನ್ನು ಗಮನಿಸಿ.

ಏಳು ತಿಂಗಳು ತುಂಬಿದ ಬಸುರಿಯರನ್ನು ಸಂಘದ ಸಭೆಗೆ ಕರೆದು ಹತ್ತು ನಿಮಿಷ ಅಭ್ಯಾಸ ಮಾಡಿಸುವುದಕ್ಕೆ ಖರ್ಚಿಲ್ಲ. ಜೊತೆಗೆ ಹೋಗುವವಳೂ ಅದೇ ಹತ್ತು ನಿಮಿಷ ಕಲಿಯಲಿ. ಆಶಾ ಕಾರ್ಯಕರ್ತೆಯನ್ನೂ ಕೂರಿಸಿಕೊಳ್ಳಿ. ನಾಲ್ಕು ಜನ ಸೇರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ, ಜೊತೆಗಾತಿಯನ್ನು ಒಳಗೆ ಬಿಡಬೇಕೆಂದು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ನಾವು ಹೋಗಿ ಕೇಳಿದಾಗ ಸಿಕ್ಕ ಉತ್ತರ, ಒಳಗೆ ಮಂಚಗಳ ನಡುವೆ ಪರದೆ ಇಲ್ಲ, ಬೇರೆಯವರ ಮಾನದ ಪ್ರಶ್ನೆ ಎಂಬುದಾಗಿತ್ತು. ಮಾನದ ಪ್ರಶ್ನೆ ನಿಜವೇ. ಪರದೆ ಹಾಕಿಸುವುದು ಸರ್ಕಾರದ ಕೆಲಸ, ನಾವೇಕೆ ಮಾಡಬೇಕು ಎಂದು ನಾನು ತಕರಾರು ತೆಗೆದೆ, ಈಗಲೂ ಆ ತಕರಾರು ಬಿಟ್ಟಿಲ್ಲ, ಅರ್ಜಿಯಲ್ಲಿ ಬರೆದೂ ಇದ್ದೇವೆ. ಆದರೆ ಸಂಘದ ಹೊಲಿಗೆಯವರು ನನ್ನ ತಕರಾರು ಮುಗಿಯುವ ತನಕ ಕಾಯಲಿಲ್ಲ. ಒಳಗೆ ನಾಲ್ಕು ಮಂಚಗಳಿವೆ, ಅಳತೆ ತಂದಿದ್ದಾರೆ, ಬಟ್ಟೆ ಕತ್ತರಿಸಿದ್ದೂ ಆಗಿದೆ.