ಟಯರು ಉಜ್ಜಿದರೆ ಮಡ್‌ಗಾರ್ಡಿನ ತಪ್ಪೇ?



ಗೊಬ್ಬರ, ಔಷಧಿ, ಅಡಿಕೆ ಧಾರಣೆಗಳ ವಿಚಾರ ಬಿಟ್ಟು ಈ ಸಲ ನಾವು ಕಾರಿನ ಟಯರಿನ ಬಗ್ಗೆ ಬರೆಯಲು ಹೊರಟಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಸಂಘದ ಕಚೇರಿಯ ಅಂಗಳದಲ್ಲಿ ಹಬ್ಬದ ದಿನಗಳಲ್ಲಿ ನಿಲ್ಲುವ ವಾಹನಗಳನ್ನು ನೋಡಿದವರಿಗೆ ಆಶ್ಚರ್ಯವಾಗಲಾರದು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ರಜೆಗೆ ಊರಿಗೆ ಬರುವ ನಮ್ಮ ಹುಡುಗರಲ್ಲಿ ಕೆಲವರ ಕಾರುಗಳು ನೆಲಕ್ಕೆ ಕುಳಿತಂತೆ ತಗ್ಗಿರುತ್ತವೆ. ಚಕ್ರಗಳು ಮಾತ್ರ ದೊಡ್ಡವು. ನೋಡಲು ಚೆನ್ನ, ಒಪ್ಪೋಣ. ಆದರೆ ಟಯರು ಉಜ್ಜತೊಡಗಿದಾಗ ಅವರು ಹುಡುಕುವ ಪರಿಹಾರದ ಬಗ್ಗೆ ನಮ್ಮ ತಕರಾರಿದೆ.

ಕಳೆದ ದೀಪಾವಳಿಗೆ ನಮ್ಮ ಅಣ್ಣನ ಮಗ ಇಂಥದೇ ಒಂದು ಕಾರಿನಲ್ಲಿ ಬಂದಿದ್ದ. ಮಾರನೆಯ ದಿನ ಧರ್ಮಸ್ಥಳಕ್ಕೆಂದು ಅಣ್ಣ, ಅತ್ತಿಗೆ, ನಾವು, ನಮ್ಮ ಮನೆಯವರು, ಅವನೂ ಸೇರಿ ಐವರು ಹೊರಟೆವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ತಿರುವಿನಲ್ಲಿ ಹಿಂದಿನಿಂದ ಖರ್ ಖರ್ ಎಂಬ ಸದ್ದು ಬಂತು. ಐದಾರು ತಿರುವು ಕಳೆಯುವಷ್ಟರಲ್ಲಿ ರಬ್ಬರು ಸುಟ್ಟ ವಾಸನೆ. ನಿಲ್ಲಿಸಿ ನೋಡಿದರೆ ಹಿಂದಿನ ಎಡ ಟಯರಿನ ಹೊರ ಮಗ್ಗುಲು ಉಳಿಯಿಂದ ಹೆರೆದಂತಾಗಿ ಒಳಗಿನ ನೂಲು ಕಾಣುತ್ತಿತ್ತು. ರಸ್ತೆಯ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. ಮೂವರನ್ನು ಬಸ್ಸಿಗೆ ಹತ್ತಿಸಿ, ಸ್ಟೆಪ್ನಿ ಹಾಕಿಕೊಂಡು ನಾವಿಬ್ಬರೂ ಮೆಲ್ಲನೆ ಮನೆಗೆ ಹಿಂತಿರುಗಿದೆವು.

ದಾರಿಯಲ್ಲಿ ಹುಡುಗ ಹೇಳಿದ: “ಏನಿಲ್ಲ ಚಿಕ್ಕಪ್ಪ, ಮಡ್‌ಗಾರ್ಡಿನ ಅಂಚು ಸ್ವಲ್ಪ ತಾಗ್ತಿದೆ. ಗ್ರೈಂಡರ್ ಹಿಡಿಸಿ ಕೊಯ್ಸಿದ್ರೆ ಆಯ್ತು.”

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಮಾತು ಇದು. ಆದರೆ ನಾವು ಬೈಯಲಿಲ್ಲ. ಕಾಗದ, ಪೆನ್ಸಿಲು ಕೊಟ್ಟು ಲೆಕ್ಕ ಹಾಕು ಎಂದೆವು. ಆ ಲೆಕ್ಕವನ್ನು ಇಲ್ಲಿ ಕೊಡುತ್ತೇವೆ. ಯಾರು ಬೇಕಾದರೂ ಮಾಡಬಹುದು.

ಕಾರಿಗೆ ಕಂಪನಿ ಕೊಟ್ಟ ಟಯರು 185/65 ಆರ್ 15. ಇದರಲ್ಲಿ 185 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. ಮಗ್ಗುಲಿನ ಎತ್ತರ ಆ ಅಗಲದ ಶೇಕಡಾ 65. ಕೊನೆಯ 15 ರಿಮ್ಮಿನ ಅಳತೆ, ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ. ಹಿಡಿದು ಕೂಡಿಸಿದರೆ ಟಯರಿನ ಒಟ್ಟು ಎತ್ತರ ಸುಮಾರು 621 ಮಿ.ಮೀ. ಹುಡುಗ ಹಾಕಿಸಿದ್ದು 205/55 ಆರ್ 17. ಅದರ ಎತ್ತರ 657 ಮಿ.ಮೀ. ಅಂದರೆ ಚಕ್ರದ ನಡುವಿನಿಂದ ಮೇಲಕ್ಕೆ 18 ಮಿ.ಮೀ. ಹೆಚ್ಚು. ಇದರ ಮೇಲೆ ಗಿಡ್ಡ ಸ್ಪ್ರಿಂಗು ಹಾಕಿಸಿ ಕಾರನ್ನು 40 ಮಿ.ಮೀ. ತಗ್ಗಿಸಿದ್ದ. ಹೀಗೆ ಟಯರಿಗೂ ಮಡ್‌ಗಾರ್ಡಿಗೂ ಇದ್ದ ಸಂದಿಯಲ್ಲಿ 58 ಮಿ.ಮೀ. ಹೋಯಿತು.

ಇನ್ನು ಪಕ್ಕದ ಲೆಕ್ಕ. ಟಯರು 20 ಮಿ.ಮೀ. ಅಗಲವಾದ್ದರಿಂದ ಒಳಕ್ಕೆ 10, ಹೊರಕ್ಕೆ 10. ರಿಮ್ಮಿನ ಹಿಂಬದಿಯಲ್ಲಿ ‘ಇ.ಟಿ.’ ಎಂದು ಒಂದು ಸಂಖ್ಯೆ ಇರುತ್ತದೆ, ಇದೇ ಆಫ್‌ಸೆಟ್. ರಿಮ್ಮಿನ ನಟ್ಟ ನಡುವಿನಿಂದ ಅದು ಬೋಲ್ಟಿಗೆ ಕೂರುವ ಜಾಗಕ್ಕೆ ಇರುವ ದೂರ ಅದು. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ಹಳೆಯದು 45 ಇತ್ತು, ಹೊಸದು 35. ಆದ್ದರಿಂದ ಇನ್ನೂ 10 ಮಿ.ಮೀ. ಹೊರಕ್ಕೆ. ಒಟ್ಟು 20 ಮಿ.ಮೀ. ಹೊರಗೆ ಬಂದ ಟಯರು ಮಡ್‌ಗಾರ್ಡಿನ ಅಂಚಿಗೆ ಸರಿಯಾಗಿ ಎದುರಾಯಿತು. ಊರೊಳಗೆ ಒಬ್ಬನೇ ಓಡಾಡುವಾಗ ಏನೂ ಆಗಿರಲಿಲ್ಲ. ಐದು ಜನ ಕುಳಿತು ಘಾಟಿಯ ತಿರುವಿನಲ್ಲಿ ಒಂದು ಪಕ್ಕಕ್ಕೆ ಭಾರ ಬಿದ್ದಾಗ ತಾಗಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸ್ಪ್ರಿಂಗು ಗಿಡ್ಡವಾದ ಮಾತ್ರಕ್ಕೆ ಚಕ್ರ ಮೊದಲಿಗಿಂತ ಮೇಲೆ ಹೋಗುವುದಿಲ್ಲ. ಅದರ ಕೊನೆಯ ಮಿತಿಯನ್ನು ನಿರ್ಧರಿಸುವುದು ಬಂಪ್ ಸ್ಟಾಪ್ ಎಂಬ ರಬ್ಬರಿನ ತುಂಡು. ತಗ್ಗಿದ ಕಾರು ಆ ಮಿತಿಯನ್ನು ಪದೇ ಪದೇ ಮುಟ್ಟುತ್ತದೆ, ಅಷ್ಟೆ. ಆ ಮಿತಿಯಲ್ಲಿ ತಾಗುತ್ತಿದೆ ಎಂದಾದರೆ ಟಯರು ಇಲ್ಲವೆ ಆಫ್‌ಸೆಟ್ ತಪ್ಪಿದೆ ಎಂದೇ ಅರ್ಥ. ಮಡ್‌ಗಾರ್ಡು ಮೊದಲು ಇದ್ದಲ್ಲೇ ಇದೆ. ಅದನ್ನು ಕೊಯ್ಯುವುದು ಯಾವ ನ್ಯಾಯ?

ತಾಗುವ ಜಾಗವನ್ನು ಕಂಡುಹಿಡಿಯಲು ನಾವು ಮಾಡಿದ ಉಪಾಯ ಸುಲಭ. ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕಲಸಿ ಮಡ್‌ಗಾರ್ಡಿನ ಒಳ ಅಂಚಿಗೂ ಒಳಗಿನ ಪ್ಲಾಸ್ಟಿಕ್ ಹೊದಿಕೆಗೂ ಬಳಿದೆವು. ಹಿಂದಿನ ಸೀಟಿನಲ್ಲೂ ಡಿಕ್ಕಿಯಲ್ಲೂ ಸೇರಿ 50 ಕಿಲೋದ ನಾಲ್ಕು ಕಾಫಿ ಮೂಟೆ ಇಟ್ಟೆವು. ಕಣದ ಸುತ್ತ ನಿಧಾನವಾಗಿ ಓಡಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಒಂದೊಂದೇ ಚಕ್ರವನ್ನು ಮರದ ದಿಮ್ಮಿಯ ಮೇಲೆ ಹತ್ತಿಸಿದೆವು. ಸುಣ್ಣ ಅಳಿಸಿಹೋದ ಕಡೆ ಟಯರು ತಾಗುತ್ತದೆ. ಹಿಂದೆ ಹೊರ ಅಂಚಿನಲ್ಲಿಯೂ ಮುಂದೆ ಪೂರ್ತಿ ತಿರುಗಿಸಿದಾಗ ಒಳ ಹೊದಿಕೆಯಲ್ಲಿಯೂ ಅಳಿಸಿತ್ತು. ಬ್ರೇಕಿನ ರಬ್ಬರ್ ಪೈಪು ಮತ್ತು ಎ.ಬಿ.ಎಸ್. ತಂತಿಯನ್ನು ಟಾರ್ಚು ಹಿಡಿದು ನೋಡಬೇಕು. ಅಲ್ಲಿ ಕೂದಲೆಳೆಯಷ್ಟು ಉಜ್ಜಿದ ಗುರುತಿದ್ದರೂ ಗಾಡಿಯನ್ನು ಹೊರಗೆ ತೆಗೆಯಬಾರದು.

ಪರಿಹಾರಗಳಲ್ಲಿಯೂ ಒಂದು ಕ್ರಮವಿದೆ. ಮೊದಲು ಟಯರಿನ ಅಳತೆ. ದೊಡ್ಡ ರಿಮ್ಮೇ ಬೇಕೆಂದರೆ 195/55 ಆರ್ 16 ಇದೆ. ಅದರ ಎತ್ತರವೂ ಸುಮಾರು 621 ಮಿ.ಮೀ., ಹಳೆಯದಕ್ಕೆ ಸರಿಸಮ. ಆದರೆ ಟಯರಿನ ಮೇಲಿರುವ ಭಾರದ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು. 88 ಎಂದರೆ ಒಂದು ಟಯರಿಗೆ 560 ಕಿಲೋ, 87 ಎಂದರೆ 545 ಕಿಲೋ. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆಯದು ಬೇಡ. ಎರಡನೆಯದು ಆಫ್‌ಸೆಟ್, ಹಳೆಯದಕ್ಕೆ ಆದಷ್ಟು ಹತ್ತಿರ ಇರಲಿ. ಹೊರಗಡೆ ಉಜ್ಜುವ ಚಕ್ರಕ್ಕೆ ಸ್ಪೇಸರ್ ಹಾಕಿದರೆ ಅದು ಇನ್ನಷ್ಟು ಹೊರಕ್ಕೆ ಬರುತ್ತದೆ ಎಂಬುದನ್ನು ಮರೆಯಬಾರದು. ಮೂರನೆಯದು ಸ್ಪ್ರಿಂಗು. ಹಳೆಯ ಸ್ಪ್ರಿಂಗನ್ನೇ ಗ್ಯಾಸಿನಲ್ಲಿ ಕೊಯ್ದು ಗಿಡ್ಡ ಮಾಡುವವರಿದ್ದಾರೆ. ಬಿಸಿ ತಾಗಿದ ಕಬ್ಬಿಣ ಹದ ಕಳೆದುಕೊಳ್ಳುತ್ತದೆ, ಗುಂಡಿಯಲ್ಲಿ ಚಕ್ರ ಇಳಿದಾಗ ಸ್ಪ್ರಿಂಗು ತನ್ನ ಜಾಗ ಬಿಟ್ಟು ಕದಲಬಹುದು. ಇಷ್ಟೆಲ್ಲ ಆದ ಮೇಲೂ ಎರಡು ಮೂರು ಮಿ.ಮೀ. ತಾಗಿದರೆ ಮಾತ್ರ ಅಂಚನ್ನು ಒಳಕ್ಕೆ ಮಡಿಸುವ ಮಾತು. ಬಣ್ಣ ಬಿರಿಯದಂತೆ ಹದವಾಗಿ ಬಿಸಿ ಮಾಡಿ ಮಡಿಸಬೇಕು, ಬಳಿಕ ಬಣ್ಣ ಬಳಿದು ಸಂದಿ ಮುಚ್ಚಬೇಕು. ನಮ್ಮ ಮಳೆಯಲ್ಲಿ ಬಿರಿದ ಬಣ್ಣದೊಳಗೆ ತುಕ್ಕು ಹೊಕ್ಕರೆ ಬೋರರ್ ಹೊಕ್ಕ ಕಾಫಿಗಿಡದ ಹಾಗೆ. ಹೊರಗೆ ಕಾಣುವ ವೇಳೆಗೆ ಒಳಗೆ ಟೊಳ್ಳು.

ಇದನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ. ವಯಸ್ಸಿನಲ್ಲಿ ನಾವೂ ಜೀಪಿಗೆ ದೊಡ್ಡ ಟಯರು ಹಾಕಿಸಿ, ತಾಗಿತೆಂದು ಮಡ್‌ಗಾರ್ಡನ್ನು ಕೊಯ್ಸಿದವರೇ. ಮೂರು ಮಳೆಗಾಲಕ್ಕೆ ಆ ಭಾಗವೆಲ್ಲ ತುಕ್ಕು ತಿಂದು ಉದುರಿತು. ಅಂದು ತಂದೆಯವರು ಬೈದರು. ಹೇಗೆ ಅಳೆಯಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಇಂಥದನ್ನೇ. ಆದ್ದರಿಂದ ಕಾರಿನ ಮಾಲೀಕರ ಪುಸ್ತಕದಲ್ಲಿ ಕಂಪನಿಯವರು ಯಾವ ಯಾವ ಅಳತೆಯನ್ನು ಒಪ್ಪಿದ್ದಾರೆಂದು ನೋಡಿ ಅದರೊಳಗೇ ಆರಿಸುವುದು ಕ್ಷೇಮ.

ನಮ್ಮ ಅಭಿಪ್ರಾಯ ಇಷ್ಟು. ಹಂಪು, ಗುಂಡಿ, ತೋಟದ ಕಚ್ಚಾ ರಸ್ತೆ ಇರುವ ನಮ್ಮ ಕಡೆಗೆ ಕಾರನ್ನು ತಗ್ಗಿಸುವುದು ತಕ್ಕದ್ದಲ್ಲ. ಆದರೆ ಹುಡುಗರ ಆಸೆಯನ್ನು ಹೀಯಾಳಿಸಿದರೆ ಅವರು ನಮಗೆ ಹೇಳದೆ ಗ್ರೈಂಡರ್ ಇರುವ ಕಡೆಗೆ ಹೋಗುತ್ತಾರೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ತೂಗಿ ಅಳೆಯುವ ನಾವು ಮಕ್ಕಳ ಜೀವ ಹೊರುವ ಚಕ್ರವನ್ನು ಅಂದಾಜಿಗೆ ಬಿಡುವುದು ಸರಿಯೇ? ನಮ್ಮ ಹುಡುಗ ಹಳೆಯ ಸ್ಪ್ರಿಂಗುಗಳನ್ನು ಮತ್ತೆ ಹಾಕಿಸಿದ. 17 ಇಂಚಿನ ಚಕ್ರಗಳನ್ನು ಮಾರಿ, ಪುಸ್ತಕ ನೋಡಿ 16 ಇಂಚಿನವನ್ನು ತಂದ. ಯುಗಾದಿಗೆ ಬಂದಾಗ ಅದೇ ನಾಲ್ಕು ಮೂಟೆ ಹೇರಿ, ಸುಣ್ಣ ಬಳಿದು ನೋಡಿದೆವು. ಎಲ್ಲಿಯೂ ಅಳಿಸಲಿಲ್ಲ.

ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಸಂಘದ ಅಂಗಳದಲ್ಲಿ ಅಳತೆಪಟ್ಟಿ, ಸುಣ್ಣ, ಮೂಟೆಗಳನ್ನು ಸಿದ್ಧ ಮಾಡಿಡಬೇಕೆಂದು ಆಡಳಿತ ಮಂಡಳಿಯ ಮುಂದೆ ಸೂಚಿಸಲಿದ್ದೇವೆ. ದೊಡ್ಡ ಟಯರು ಹಾಕಿಸಿಕೊಂಡ ಜೀಪು, ಪಿಕಪ್ಪುಗಳ ಹಿರಿಯ ಸದಸ್ಯರೂ ನಾಚಿಕೆ ಪಡದೆ ಬರಬೇಕು. ಮಕ್ಕಳನ್ನೂ ಜೊತೆಗೆ ಕರೆತನ್ನಿ. ಲೆಕ್ಕವನ್ನು ಅವರೇ ಹಾಕಲಿ.